ಅಣ್ಣಯ್ಯನ ಕೊಲೆಸ್ಟ್ರಾಲ್

ಅಮ್ಮತ್ತಿ
ಆಗಸ್ಟ್ 20

ಅಣ್ಣಯ್ಯನಿಗೆ,

ನಿನ್ನೆ ಬಂದವನು ನಿನ್ನ ಕೊಲೆಸ್ಟ್ರಾಲ್ ಮಾತ್ರೆಯ ಬಾಟಲಿಯನ್ನು ಜಗಲಿಯಲ್ಲೇ ಬಿಟ್ಟು ಹೋಗಿದ್ದೀಯ. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಕುಶಾಲನಗರ ಸ್ಟ್ಯಾಂಡಿನಿಂದ ನಿನಗೆ ತಲುಪಿಸಲು ಅವನಿಗೆ ಹೇಳಿದ್ದೇನೆ.

'ಗಿಡಮೂಲಿಕೆ ಔಷಧಿ, ಪಥ್ಯ ಜಾಸ್ತಿ' ಅಂತ ಮೂರು ವರ್ಷದಿಂದ ಇದನ್ನೇ ತೋರಿಸಿ, ಊಟಕ್ಕೆ ಕೂರದೆ, ಒಂದು ಲೋಟ ಕರಿ ಕಾಫಿ ಕುಡಿದು ಎದ್ದು ಹೋಗುತ್ತೀಯ. ಅಂಥದ್ದೇನಿದೆ ಅಂತ ಕನ್ನಡಕ ಹಾಕಿಕೊಂಡು ಓದಿದೆ. ಮೊದಲನೇ ಹೆಸರೇ ಅರ್ಥವಾಗಲಿಲ್ಲ. ಮೆಡಿಕಲ್ ಶಾಪಿನವನನ್ನು ಕೇಳಿದರೆ, ನಮ್ಮ ಪಣಪುಳಿಯಂತೆ! ಹಿತ್ತಲ ಮರದ್ದೇ ಹಣ್ಣು. ಅದರ ರಸ ಕಾಯಿಸಿಯೇ ಅಲ್ಲವಾ ನಾವು ಹಂದಿ ಮಾಂಸದ ಪಂದಿಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ, ಮಾಡುವುದು? ಮನೆಗೆ ಬಂದು ಗಟ್ಟಿಯಾಗಿ ನಕ್ಕೆ. ಕೇಳಿಸಿಕೊಳ್ಳಲು ನಾಯಿ ಮಾತ್ರ ಇತ್ತು.

ಮೂರು ವರ್ಷದ ಕಾಚಂಪುಳಿ ಶೀಶೆಗಳು ಹಾಗೇ ಇವೆ. ಒಬ್ಬಳಿಗೋಸ್ಕರ ಯಾರು ಪಂದಿ ಬೇಯಿಸುತ್ತಾರೆ?

ಇನ್ನೊಂದೂ ನೋಡಿದೆ. ಬಾಟಲಿಯ ಸೀಲನ್ನೇ ನೀನು ಒಡೆದಿಲ್ಲ. ತಾರೀಕು ಮುಗಿದೇ ಒಂದು ವರ್ಷವಾಯಿತು. ಮೂರು ವರ್ಷದ ಹಿಂದೆ ನಮ್ಮಿಬ್ಬರ ನಡುವೆ ತೋಟ ಪಾಲಾದ ದಿನ ನಾನು ಆಡಿದ ಮಾತಿನಿಂದ ಬಂದ ಕಾಯಿಲೆ ಇದು, ಮಾತ್ರೆಗೆ ಹೋಗುವುದಲ್ಲ. ಆ ಮಾತು ನಾನು ಆಡಬಾರದಿತ್ತು.

ಕೈಲ್ ಮುಹೂರ್ತದ ಹಬ್ಬಕ್ಕೆ ಬಾ. ಬೆಳಿಗ್ಗೆಯೇ ಬಾ, ಪೂಜೆಗಿಡುವ ತಾತನ ಕೋವಿ ಒರೆಸಲು ನನಗೆ ಕೈ ನೋವು. ಪಂದಿಕರಿ ಜೊತೆಗೆ ಕಡಂಬುಟ್ಟಿನ ಉಂಡೆಗೆ ಅಕ್ಕಿ ತರಿ ಇಬ್ಬರಿಗಾಗುವಷ್ಟು ಹಾಕಿಸಿದ್ದೇನೆ. ಯಾರಾದರೂ ಕೇಳಿದರೆ, ಕೊಲೆಸ್ಟ್ರಾಲ್ ಇಳಿಯಿತು ಅಂತ ಹೇಳೋಣ.

ನಿನ್ನ ತಂಗಿ
ದೇಚಮ್ಮ