ಎಡಗೈಯ ಅಧ್ಯಾಯ

ಮಾರ್ಚ್ ೧೧, ಬುಧವಾರ

ನಾಳೆ ಪಿಎಚ್‌ಡಿ ಪ್ರಗತಿ ಪರಿಶೀಲನೆ. "ಮೂರನೇ ಅಧ್ಯಾಯಾನೇ ನಿನ್ನ ಜೀವಾಳ, ಅಲ್ಲಿಂದಾನೇ ಶುರು ಮಾಡಮ್ಮ," ಎಂದು ಮಾರ್ಗದರ್ಶಕರು ಸಂಜೆ ಫೋನ್ ಮಾಡಿದ್ದರು. ಹೂಂ ಅಂದೆ. ಇನ್ನೇನು ಅನ್ನಲಿ?

ಆ ಅಧ್ಯಾಯ ಪೂರ್ತಿ ನಿಂತಿರುವುದು ನನ್ನ ನೃತ್ಯಗುರುಗಳ ಎಡಗೈಯ ಮೇಲೆ. ಕುಣಿತ ಮುಗಿಯುವ ಹೊತ್ತಿಗೆ ಅವರ ಬೆರಳುಗಳು ಸಣ್ಣಗೆ ಅದುರುತ್ತವೆ. ಅದನ್ನು ನಾನು 'ಮಾಗಿದ ದೇಹ ಕಂಡುಕೊಂಡ ಹೊಸ ಭಾಷೆ' ಎಂದು ಬರೆದೆ. ಕಳೆದ ಪರಿಶೀಲನೆಯಲ್ಲಿ ಸಮಿತಿಯವರು ತಲೆದೂಗಿದರು. ಬೇಕಂತಲೇ ಮಾಡುತ್ತೀರಾ ಮೇಡಂ ಎಂದು ನಾನು ಕೇಳಿದಾಗ ಗುರುಗಳು ನಕ್ಕು ಸುಮ್ಮನಾಗಿದ್ದರು. ಆ ಮೌನಕ್ಕೂ ಒಂದು ಅಡಿಟಿಪ್ಪಣಿ ಹಾಕಿದ ಮಹಾತಾಯಿ ನಾನು!

ಇವತ್ತು ಅವರ ಮನೆಗೆ ಹೋದರೆ ಮಗಳು ಬಾಗಿಲಲ್ಲೇ ಹೇಳಿದಳು: "ಅಕ್ಕಾ, ಅಮ್ಮಂಗೆ ನರದ ಕಾಯಿಲೆಯಂತೆ. ಶುರುವಾಗಿ ವರ್ಷಗಳೇ ಆಗಿರ್ಬೇಕು ಅಂದ್ರು ಡಾಕ್ಟರು. ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲ ನೋಡಿ."

ಕಂಡಿತ್ತಲ್ಲ, ನನಗೆ ಕಂಡಿತ್ತು. ವಿಡಿಯೋವನ್ನು ನಿಧಾನಗತಿಯಲ್ಲಿ ಹಿಂದೆ ಮುಂದೆ ಓಡಿಸಿ, ಒಂದೊಂದು ಬೆರಳನ್ನೂ ನೋಡಿದವಳು ನಾನು. ಆಸ್ಪತ್ರೆಗೆ ಕರೆದೊಯ್ಯುವುದು ಬಿಟ್ಟು ಅಧ್ಯಾಯ ಬರೆದೆ.

ಒಳಗೆ ಗುರುಗಳು ದಿಂಬಿಗೆ ಒರಗಿ ಕೂತಿದ್ದರು. ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು.

"ನಾಳೆ ಆ ಅಧ್ಯಾಯಾನ ತೆಗೆದುಹಾಕ್ಬೇಡ ಕಣೇ. ಎಷ್ಟು ಚೆನ್ನಾಗಿ ಬರ್ದಿದ್ದೆ! ಕೈ ನಡುಗೋಕೆ ಶುರುವಾದಾಗ ಹೆದರಿಬಿಟ್ಟಿದ್ದೆ. ನೀನು ಬರ್ದಿದ್ದು ಓದಿದ್ಮೇಲೆ ಧೈರ್ಯ ಬಂತು. ಡಾಕ್ಟರ ಹತ್ರ ಹೋಗೋ ಯೋಚನೇನೇ ಬಿಟ್ಟೆ."

ನಾಳೆ ಆ ಅದುರುವಿಕೆಯನ್ನು ಸಮಿತಿಯೆದುರು ನಾನೇ ಮಾಡಿ ತೋರಿಸಬೇಕು. ಈಗಷ್ಟೇ ಕನ್ನಡಿಯ ಮುಂದೆ ನಿಂತು ನೋಡಿದೆ. ಹಾಳಾದ್ದು, ಚೆನ್ನಾಗಿಯೇ ಬರುತ್ತದೆ.