ಶೇಂಗಾ ಹಿಂಡಿಯ ಮೇಲಿನ ಅಪವಾದ

ದುಧನಿ,
೧೪ ಅಕ್ಟೋಬರ್ ೨೦೨೫

ಪ್ರೀತಿಯ ಮಗಳು ಸ್ನೇಹಲಳಿಗೆ,

ಅವ್ವನ ಆಶೀರ್ವಾದ. ಫೋನಿರುವಾಗ ಕಾಗದ ಏಕೆಂದು ಗಾಬರಿಯಾಗಬೇಡ, ಇಬ್ಬರಿಗೂ ಆಗುವಷ್ಟು ಗಾಬರಿ ನನಗೇ ಆಗಿದೆ. ನೀನು ಫೋನನ್ನು ಸ್ಪೀಕರಿಗೆ ಹಾಕಿ ರೊಟ್ಟಿ ಬಡಿಯುತ್ತೀ, ನಿಮ್ಮ ಅತ್ತೆ ಪಕ್ಕದಲ್ಲೇ ಇರುತ್ತಾರೆ. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಆದರೆ ಶಾಲೆ ಕಲಿತದ್ದು ಮರಾಠಿಯಲ್ಲಿ, ಕನ್ನಡ ಓದುವವಳು ನೀನೊಬ್ಬಳೇ. ಅದಕ್ಕೇ ಈ ಕಾಗದ. ಅಮೃತಪ್ಪ ಕಾಕಾ ನಾಳೆ ಸೊಲ್ಲಾಪುರಕ್ಕೆ, ವಿಜಾಪುರ ರಸ್ತೆಯ ನಿಮ್ಮ ಮನೆಗೇ ಬಂದು ನಿನ್ನ ಕೈಯಲ್ಲೇ ಕೊಡುತ್ತಾರೆ. ರವಿವಾರದೊಳಗೆ ನೀನು ಇದನ್ನು ಓದಲೇಬೇಕು.

ಮೊನ್ನೆ ರವಿವಾರ ಸಂಜೆ ಮೈತುಂಬ ತುರಿಕೆಯ ಗಂಧೆ ಎದ್ದು ತುಟಿ ಊದಿತೆಂದು ನೀನು ಫೋನು ಮಾಡಿದ್ದೆ. "ಶೇಂಗಾ ಹಿಂಡಿ ತಿಂದಿದ್ದೆ ಅವ್ವಾ, ಅದಕ್ಕ ಆಗ್ಯಾದ" ಅಂದೆ. ಹಲ್ಲು ಬಂದಾಗಿನಿಂದ ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿ ತಿಂದವಳು ನೀನು. ಈಗ ಒಮ್ಮೆಲೇ ಅದು ನಿನ್ನ ಮೇಲೆ ಮುನಿಯಿತೇ?

ನಿನಗೆ ಹೇಳದೆ ಮುಚ್ಚಿಟ್ಟ ಸುದ್ದಿಯೊಂದಿದೆ. ಹೋದ ತಿಂಗಳು ನಿಮ್ಮ ಅಪ್ಪನಿಗೂ ಹೀಗೇ ಆಯಿತು. ಮಧ್ಯಾಹ್ನ ಹೊಲದಲ್ಲಿ ಊಟ, ಸಂಜೆ ಹೊತ್ತಿಗೆ ಗಂಧೆ. ಶೇಂಗಾ ಹಿಂಡಿಗೇ ಅಪವಾದ ಹೊರಿಸಿದೆವು, ನಾನು ಕುಟ್ಟುವುದನ್ನೇ ಬಿಟ್ಟೆ. ಎರಡನೇ ಸಲ ಗಂಟಲು ಕಟ್ಟಿ ಉಸಿರು ಸಿಗದಾಯಿತು. ಸೊಲ್ಲಾಪುರದ ಆಸ್ಪತ್ರೆಗೆ ಹೋಗುವಾಗ ಅಕ್ಕಲಕೋಟ ದಾಟುವುದರೊಳಗೆ ಜೀವ ಹೋಗುತ್ತದೆ ಅನ್ನಿಸಿತ್ತು.

ಡಾಕ್ಟರು ಕೇಳಿದ್ದು ಎರಡೇ ಮಾತು. ಉಣ್ಣಿ ಕಚ್ಚಿತ್ತೇ? ಮಟನ್ ತಿಂದಿದ್ದಿರೇ? ಎಮ್ಮೆ ಕಟ್ಟಿದವರಿಗೆ ಉಣ್ಣಿ ಹೊಸದೇನಲ್ಲ. ಎರಡನೆಯದಕ್ಕೆ, ಲಿಂಗ ಕಟ್ಟಿಕೊಂಡವರನ್ನು ಹೀಗೆ ಕೇಳಬಹುದೇ ಎಂಬ ಉತ್ತರ ಹೋಯಿತು. "ಖರೇ ಹೇಳ್ರಿ, ಇಲ್ಲಾಂದ್ರ ಮುಂದಿನ ಸಲ ನನ್ನ ಕೈಯಾಗ ಇರಂಗಿಲ್ಲ" ಅಂದರು. ಆಗ ಖರೆ ಹೊರಬಿತ್ತು. ಪಕ್ಕದ ಹೊಲದ ಬೀರವ್ವ, ಕುರಿ ಸಾಕಿದವಳು, ತನ್ನ ಬುತ್ತಿಯಲ್ಲಿ ಪಾಲು ಕೊಟ್ಟಿದ್ದಳು.

ಡಾಕ್ಟರು ತಿಳಿಸಿ ಹೇಳಿದರು. ಉಣ್ಣಿ ರಕ್ತ ಹೀರುವಾಗ ನಮಗೆ ಗೊತ್ತಾಗದಂತೆ ತನ್ನ ಜೊಲ್ಲನ್ನು ಒಳಗೆ ಬಿಡುತ್ತದಂತೆ. ಆ ಜೊಲ್ಲಿನಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದಂತೆ, ಕುರಿ ಆಡಿನ ಮಾಂಸದಲ್ಲೂ ಅದೇ ಸಕ್ಕರೆ. ಕೆಲವರ ಮೈ ಅದನ್ನು ವೈರಿ ಎಂದು ಗುರುತಿಟ್ಟುಕೊಳ್ಳುತ್ತದೆ. ಮುಂದೆ ಮಟನ್ ತಿಂದಾಗ ವೈರಿ ಬಂದನೆಂದು ಕಾದಾಟಕ್ಕೆ ಇಳಿಯುತ್ತದೆ, ಪೆಟ್ಟು ಬೀಳುವುದು ನಮಗೇ. ಅದೂ ತಿಂದ ನಾಲ್ಕೈದು ತಾಸಿನ ಮೇಲೆ. ಹಾಗಾಗಿ ಯಾವುದರಿಂದ ಆಯಿತೆಂದು ಯಾರಿಗೂ ಹೊಳೆಯುವುದಿಲ್ಲ.

ಪಂಚಮಿಗೆ ಬಂದಾಗ ನೀನು ದಿನವಿಡೀ ಎಮ್ಮೆಯ ಕರುವಿನ ಜೊತೆ ಕೊಟ್ಟಿಗೆಯಲ್ಲೇ ಇದ್ದೆ. ನಿನ್ನ ಕಾಲಿನಿಂದ ಮೂರು ಉಣ್ಣಿ ನಾನೇ ಕಿತ್ತೆ. ಆ ಜಾಗ ವಾರಗಟ್ಟಲೆ ತುರಿಸಿತೆಂದು ನೀನೇ ಹೇಳಿದ್ದೆ. ಇನ್ನು ರವಿವಾರಕ್ಕೊಮ್ಮೆ ನೀನು, ಅಳಿಯ ಯೋಗಿರಾಜರು ಕುಂಭಾರಿ ಕಡೆಯ ಧಾಬಾದಲ್ಲಿ ಏನು ಉಣ್ಣುತ್ತೀರೆಂದು ನನಗೆ ಗೊತ್ತು. ನಿನ್ನ ಸೆರಗಿನ ವಾಸನೆಯೇ ಹೇಳುತ್ತದೆ. ಬೈಯಲು ಬರೆಯುತ್ತಿಲ್ಲ ತಾಯಿ. ಕೋಳಿ, ಮೀನು ನಡೆಯುತ್ತದೆ ಅಂದಿದ್ದಾರೆ ಡಾಕ್ಟರು. ಇದನ್ನು ಬರೆಯಲು ನನ್ನ ಕೈ ನಾಚಿತು, ಆದರೂ ಬರೆದೆ. ಮಟನ್ ಮಾತ್ರ ಮುಟ್ಟಬೇಡ. ಡಾಕ್ಟರ ಹತ್ತಿರ ಹೋಗಿ ರಕ್ತ ತಪಾಸಣೆ ಮಾಡಿಸು. ನಿಮ್ಮ ಅತ್ತೆಗೆ ಬೇಕಾದರೆ ಶೇಂಗಾ ಎಂದೇ ಹೇಳು, ಡಾಕ್ಟರ ಮುಂದೆ ಸುಳ್ಳು ಬೇಡ. ನಿನ್ನ ಉಸಿರು ಕಟ್ಟಿದರೆ ನಾನಿಲ್ಲಿ ಏನು ಮಾಡಲಿ?

ನಿನ್ನ ಅವ್ವ,
ಲಕ್ಷ್ಮೀಬಾಯಿ

ತಾ.ಕ.: ಆ ವಾಸನೆ ನನಗೆ ಹೇಗೆ ಗೊತ್ತೆಂದು ನೀನು ಕೇಳದೆ ಬಿಡುವವಳಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದವಳು ನಾನೇ. ನೀನು ಹುಟ್ಟಿದಾಗ ನಿತ್ರಾಣಳಾಗಿ ಬಿದ್ದಿದ್ದೆ, ಬೀರವ್ವ ಕದ್ದು ಕುರಿ ಕಾಲಿನ ಸಾರು ಕುಡಿಸಿ ಎಬ್ಬಿಸಿದಳು. ಆಮೇಲೆ ಬಿಡಲಾಗಲಿಲ್ಲ. ನಿಮ್ಮ ಅಪ್ಪನನ್ನು ಹೊರಗೆ ಕಳಿಸಿಯೇ ಡಾಕ್ಟರಿಗೆ ಖರೆ ಹೇಳಿದೆ. ನಿಮ್ಮ ಅಪ್ಪ ಇನ್ನೂ ಶೇಂಗಾದ್ದೇ ತಪ್ಪೆಂದು ನಂಬಿದ್ದಾರೆ. ನನಗೆ ಆಸೆಯಾಗಬಾರದೆಂದು ತಾವೂ ಹಿಂಡಿ ಬಿಟ್ಟು ಒಣ ರೊಟ್ಟಿ ಉಣ್ಣುತ್ತಿದ್ದಾರೆ.