ಮೂರನೇ ಗೇರಿನ ಸದ್ದು

ಹದಿನಾಲ್ಕು, ಮಂಗಳವಾರ.

ವ್ಯಾನಿನ ಗೇರ್‌ಬಾಕ್ಸನ್ನು ಇವತ್ತು ಮೂರನೇ ಸಲ ಬಿಚ್ಚಿ ಜೋಡಿಸಿದೆ. ಎರಡನೇ ಗೇರು ಬೀಳದೆ ಸತಾಯಿಸುತ್ತಿತ್ತು. ಒಳಗಿನ ರಿಂಗನ್ನು ತಿರುವುಮುರುವಾಗಿ ಕೂರಿಸಿದ್ದವನು ನಾನೇ. ಅದು ಸರಿಹೋಯಿತು. ಆದರೆ ವ್ಯಾನಿನ ಯಜಮಾನರು, "ಮೂರನೇ ಗೇರಲ್ಲಿ ಇನ್ನೂ ಕೊಂಯ್ ಅಂತಿದೆಯಲ್ಲ ಮೇಸ್ತ್ರಿ" ಅಂದರು.

ಚಕ್ರ ಎತ್ತಿ ಮೂರನೇ ಗೇರಿನಲ್ಲಿ ಓಡಿಸಿದೆ. ಎಂದಿನಂತೆ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಕೇಳಿದೆ. ಏನೂ ಇಲ್ಲ. "ಎಲ್ಲಾ ನಿಮ್ಮ ಭ್ರಮೆ" ಎಂದು ರೇಗಿದೆ.

ಊಟ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಅದೇನ್ರೀ, ಕಿವಿ ಕೊರೆಯೋ ಹಾಗೆ ಕೂಗ್ತಿದೆ?"

ಮೂವತ್ತು ವರ್ಷ ಈ ಕಿವಿಯನ್ನೇ ನಂಬಿ ಬದುಕಿದವನು ನಾನು. ಹಿಡಿಯನ್ನು ಎಡಗಿವಿಗೆ ಬದಲಾಯಿಸಿದೆ. ಅಲ್ಲೂ ಇಲ್ಲ.

"ಹೌದು, ಕೇಳಿಸ್ತು. ನಾಳೆ ಮತ್ತೆ ಬಿಚ್ತೀನಿ" ಅಂದುಬಿಟ್ಟೆ.

ಬಿಚ್ಚುತ್ತೇನೆ, ಜೋಡಿಸುತ್ತೇನೆ. ಸದ್ದು ನಿಂತಿತೋ ಇಲ್ಲವೋ ಎಂದು ಯಾರನ್ನು ಕೇಳಲಿ, ಹೇಗೆ ಕೇಳಲಿ?